ಸಕ್ಕರೆಯ ಮೂಲವನ್ನು ಅರಸಿದ ದ್ರಾಕ್ಷಿತೋಟದ ಮಗ: ಕ್ಲಾಡ್ ಬರ್ನಾರ್ಡ್



ಮಧುಮೇಹವೆಂಬ ಹೆಸರನ್ನು ಕೇಳದ ಮನೆಯು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ವಿರಳ. ಶಿವಮೊಗ್ಗ ನಗರದಲ್ಲಾಗಲಿ, ಭದ್ರಾವತಿಯಲ್ಲಾಗಲಿ, ಹಾಸಿಗೆ ಹಿಡಿದವರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ನಮ್ಮ ಕಿವಿಗೆ ಬೀಳುವ ಮಾತು ಬಹುಮಟ್ಟಿಗೆ ಒಂದೇ ಬಗೆಯದು. ಸಕ್ಕರೆ ಕಾಯಿಲೆಯಿದೆ ಎಂದು ವೈದ್ಯರು ಹೇಳಿದೊಡನೆ ಮನೆಯವರ ದೃಷ್ಟಿ ಮೊದಲು ಸಿಹಿತಿಂಡಿಯ ಡಬ್ಬಿಯ ಕಡೆಗೆ ಹೊರಳುತ್ತದೆ. ಕ್ರಿಸ್ಮಸ್ ಹಬ್ಬದ ಕಲ್‌ಕಲ್, ಕರ್ಜಿಕಾಯಿ, ಮೂರು ಚಮಚ ಸಕ್ಕರೆಯ ಕಾಫಿ, ಎಲ್ಲವೂ ಒಂದೊಂದಾಗಿ ಸಾಕ್ಷಿ ಹೇಳಲು ಬಂದು ನಿಲ್ಲುತ್ತವೆ. ಬಾಯಿಚಪಲದಿಂದ ಬಂದ ಕಾಯಿಲೆಯೆಂದು ತೀರ್ಪು ಹೊರಬೀಳುತ್ತದೆ. ರೋಗಿಯೂ ಆ ತೀರ್ಪನ್ನು ತಲೆತಗ್ಗಿಸಿ ಒಪ್ಪಿಕೊಳ್ಳುತ್ತಾನೆ. ಕೆಲವರು ನಾಚಿಕೆಗೆ ಅಂಜಿ ಕಾಯಿಲೆಯನ್ನೇ ಮುಚ್ಚಿಡುತ್ತಾರೆ.

ಸಿಹಿಯನ್ನು ಬಾಯಿಗಿಡದವನ ರಕ್ತದಲ್ಲಿಯೂ ಸಕ್ಕರೆ ಏರಬಲ್ಲುದೇ? ಭಯ, ನಿದ್ರೆಗೇಡು, ಮನೋವ್ಯಥೆ ಇವು ದೇಹದ ಸಕ್ಕರೆಯ ಲೆಕ್ಕವನ್ನು ತಿದ್ದಬಲ್ಲವೇ? ಈ ಪ್ರಶ್ನೆಗಳಿಗೆ ಉತ್ತರದ ಬಾಗಿಲನ್ನು ಮೊದಲು ತೆರೆದವರು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್. ವೈದ್ಯವಿದ್ಯಾರ್ಥಿಗಳೆಲ್ಲರೂ ಬಲ್ಲ ಈ ಹೆಸರು ನಮ್ಮ ಕುಟುಂಬಗಳಿಗೆ ಅಷ್ಟಾಗಿ ಪರಿಚಿತವಲ್ಲ. ಅವರ ಜೀವನವನ್ನು ಈ ವಾರ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬರ್ನಾರ್ಡರು ಜನಿಸಿದ್ದು 1813ರ ಜುಲೈ 12ರಂದು, ಫ್ರಾನ್ಸಿನ ಲಿಯೋನ್ ಪಟ್ಟಣಕ್ಕೆ ಉತ್ತರದಲ್ಲಿರುವ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ಅದು ದ್ರಾಕ್ಷಿತೋಟಗಳ ನಾಡು. ತಂದೆ ದ್ರಾಕ್ಷಿ ಬೆಳೆದು ಜೀವಿಸುವ ರೈತ, ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಬಾಲಕನು ಊರಿನ ದೇವಾಲಯದಲ್ಲಿ ಗಾಯನವೃಂದಕ್ಕೆ ಸೇರಿದ್ದನು. ಅವನಿಗೆ ಲತೀನ್ ಭಾಷೆಯ ಮೊದಲ ಪಾಠಗಳನ್ನು ಹೇಳಿಕೊಟ್ಟವರು ಆ ಧರ್ಮಕೇಂದ್ರದ ಗುರುಗಳು. ಮುಂದೆ ವಿಲ್‌ಫ್ರಾಂಷ್ ಪಟ್ಟಣದಲ್ಲಿ ಯೇಸುಸಭೆಯವರು ನಡೆಸುತ್ತಿದ್ದ ಶಾಲೆಯಲ್ಲಿ ವ್ಯಾಸಂಗ ಮುಂದುವರಿಯಿತು. ಪ್ರತಿಭೆಯ ಮಿಂಚು ಆಗ ಯಾರಿಗೂ ಕಾಣಿಸಲಿಲ್ಲ. ವಿಜ್ಞಾನದ ಪಾಠವಂತೂ ಅಲ್ಲಿ ಹೆಸರಿಗಷ್ಟೇ ಇದ್ದಿತು.

ಮನೆಯ ಬಡತನ ಅವರನ್ನು ಹತ್ತೊಂಬತ್ತರ ವಯಸ್ಸಿನಲ್ಲಿಯೇ ದುಡಿಮೆಗೆ ನೂಕಿತು. 1832ರಲ್ಲಿ ಅವರು ಲಿಯೋನಿನ ಹೊರವಲಯದ ಔಷಧದಂಗಡಿಯೊಂದರಲ್ಲಿ ಸಹಾಯಕರಾಗಿ ಸೇರಿದರು. ಅಲ್ಲಿ ತೇರಿಯಾಕವೆಂಬ ಪುರಾತನ ಔಷಧವೊಂದಕ್ಕೆ ಬಹಳ ಬೇಡಿಕೆಯಿತ್ತು. ಹಲವಾರು ವಸ್ತುಗಳನ್ನು ಕಲಸಿ ಮಾಡುತ್ತಿದ್ದ ಆ ಲೇಹ್ಯವನ್ನು ಜನರು ಸರ್ವರೋಗ ನಿವಾರಕವೆಂದು ನಂಬಿದ್ದರು. ಕೆಟ್ಟುಹೋದ ಔಷಧ, ಉಳಿದ ಚೂರುಪಾರುಗಳನ್ನು ಎಸೆಯದೆ ತೇರಿಯಾಕಕ್ಕೆಂದು ಎತ್ತಿಡಬೇಕೆಂಬುದು ಅಂಗಡಿಯ ಯಜಮಾನನ ಆಜ್ಞೆ. ಆದರೂ ಅದನ್ನು ಕೊಂಡವರು ಗುಣವಾಯಿತೆಂದು ಹೊಗಳುತ್ತಿದ್ದರು! ಪ್ರಮಾಣವಿಲ್ಲದ ವೈದ್ಯದ ಬಗೆಗೆ ಬರ್ನಾರ್ಡರ ಮನಸ್ಸಿನಲ್ಲಿ ಸಂಶಯದ ಬೀಜ ಬಿದ್ದದ್ದು ಬಹುಶಃ ಅಲ್ಲಿಯೇ.

ತರುಣ ಬರ್ನಾರ್ಡರ ಒಲವು ಇದ್ದುದು ನಾಟಕದ ಕಡೆಗೆ. ಅವರು ಬರೆದ ಕಿರು ಪ್ರಹಸನವೊಂದು ಲಿಯೋನಿನಲ್ಲಿ ರಂಗವನ್ನೇರಿ ತಕ್ಕಮಟ್ಟಿಗೆ ಮೆಚ್ಚುಗೆಯನ್ನೂ ಪಡೆಯಿತು. ಆ ಉತ್ಸಾಹದಲ್ಲಿ ಐದಂಕದ ದುರಂತ ನಾಟಕವೊಂದನ್ನು ಬರೆದು, ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು 1834ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಹೆಸರಾಂತ ವಿಮರ್ಶಕರಾಗಿದ್ದ ಸೇಂಟ್ ಮಾರ್ಕ್ ಜಿರಾರ್ದೇನ್ ಅವರು ಅದನ್ನು ಓದಿ, ಹೊಟ್ಟೆಪಾಡಿಗೆ ಮೊದಲು ಒಂದು ವೃತ್ತಿಯನ್ನು ಕಲಿಯುವುದು ಒಳಿತೆಂದೂ, ಔಷಧದಂಗಡಿಯ ಅನುಭವವಿರುವುದರಿಂದ ವೈದ್ಯಶಾಸ್ತ್ರವೇ ತಕ್ಕುದೆಂದೂ ಬುದ್ಧಿ ಹೇಳಿದರು. ಮಾತು ಕಹಿಯಾಗಿದ್ದಿರಬೇಕು. ಬರ್ನಾರ್ಡರು ಅದನ್ನು ಒಪ್ಪಿಕೊಂಡು ವೈದ್ಯಕೀಯ ಕಾಲೇಜಿಗೆ ಸೇರಿದರು.

ಗುರು ಮತ್ತು ಶಿಷ್ಯ

ವೈದ್ಯಕೀಯ ವಿದ್ಯಾರ್ಥಿಯಾಗಿಯೂ ಅವರು ಸಾಮಾನ್ಯರಲ್ಲಿ ಸಾಮಾನ್ಯರು. 1839ರಲ್ಲಿ ನಡೆದ ಆಸ್ಪತ್ರೆಯ ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾದ 29 ಮಂದಿಯಲ್ಲಿ ಅವರ ಸ್ಥಾನ 26ನೆಯದು. ಆದರೆ ಆ ಪರೀಕ್ಷೆಯು ಅವರನ್ನು ಫ್ರಾಂಸ್ವಾ ಮಜಾಂಡಿ ಎಂಬ ಶರೀರವಿಜ್ಞಾನಿಯ ಬಳಿಗೆ ಕರೆದೊಯ್ದಿತು. ಶಿಷ್ಯನ ಕೈಚಳಕವನ್ನು ಕಂಡು ಬೆರಗಾದ ಮಜಾಂಡಿಯವರು 1841ರಲ್ಲಿ ಅವರನ್ನು ಕೊಲೆಜ್ ದ ಫ್ರಾನ್ಸ್ ಸಂಸ್ಥೆಯ ಪ್ರಯೋಗಶಾಲೆಗೆ ಸಹಾಯಕರನ್ನಾಗಿ ತೆಗೆದುಕೊಂಡರು.

ಪ್ರಯೋಗಶಾಲೆಯೆಂದರೆ ಇಂದಿನ ಬಿಳಿಗೋಡೆಯ ಕೊಠಡಿಯನ್ನು ವಾಚಕರು ಕಲ್ಪಿಸಿಕೊಳ್ಳಬಾರದು. ಅದು ಬಿಸಿಲು ಕಾಣದ, ತೇವದಿಂದ ಕೂಡಿದ ನೆಲಮಾಳಿಗೆಯಂತಹ ಜಾಗ. ವರ್ಷಾನುಗಟ್ಟಲೆ ಅಲ್ಲಿ ನಿಂತು ದುಡಿದುದರಿಂದಲೇ ಅವರ ಆರೋಗ್ಯ ಕೆಟ್ಟಿತೆಂದು ಅವರನ್ನು ಬಲ್ಲವರು ಹೇಳುತ್ತಿದ್ದರು. 1843ರಲ್ಲಿ ವೈದ್ಯ ಪದವಿ ದೊರೆಯಿತು. 1844ರಲ್ಲಿ ಅಧ್ಯಾಪಕ ಹುದ್ದೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಹಳ್ಳಿಗೆ ಮರಳಿ ವೈದ್ಯವೃತ್ತಿ ನಡೆಸುವ ಆಲೋಚನೆಯಲ್ಲಿದ್ದಾಗ, ಮಿತ್ರರು ಮುಂದಾಗಿ ಪ್ಯಾರಿಸ್ಸಿನ ಅನುಕೂಲಸ್ಥ ವೈದ್ಯರೊಬ್ಬರ ಮಗಳೊಡನೆ 1845ರಲ್ಲಿ ಅವರ ವಿವಾಹವನ್ನು ನೆರವೇರಿಸಿದರು. ವರದಕ್ಷಿಣೆಯ ಹಣದಿಂದ ಸಂಶೋಧನೆ ಮುಂದುವರಿಯಿತು. ಹಣದ ಅಗತ್ಯದಿಂದ ಕಟ್ಟಿದ ಆ ಸಂಸಾರ ಮುಂದೆ ಎಂತಹ ನೋವಿಗೆ ಕಾರಣವಾಯಿತೆಂಬುದನ್ನು ಆಮೇಲೆ ನೋಡೋಣ.

ಸಕ್ಕರೆ ಎಲ್ಲಿಂದ ಬಂದಿತು?

ಆ ಕಾಲದ ವಿಜ್ಞಾನಿಗಳಲ್ಲಿ ಒಂದು ದೃಢವಾದ ನಂಬಿಕೆಯಿತ್ತು. ಸಕ್ಕರೆಯನ್ನು ತಯಾರಿಸುವ ಶಕ್ತಿ ಸಸ್ಯಗಳಿಗೆ ಮಾತ್ರ ಉಂಟು. ಪ್ರಾಣಿಗಳು ಅದನ್ನು ತಿಂದು ಉರಿಸುತ್ತವೆಯೇ ಹೊರತು ತಾವಾಗಿ ಮಾಡಲಾರವು. ಹಾಗಿದ್ದರೆ ತಿಂದ ಸಕ್ಕರೆಯು ದೇಹದ ಯಾವ ಭಾಗದಲ್ಲಿ ಮಾಯವಾಗುತ್ತದೆ? ಆ ಸ್ಥಳವನ್ನು ಪತ್ತೆಮಾಡಿದರೆ ಮಧುಮೇಹದ ಗುಟ್ಟು ತಿಳಿಯಬಹುದೆಂದು ಬರ್ನಾರ್ಡರು ಹೊರಟರು. ಹೋಲಿಕೆಗಾಗಿ, ಬರೀ ಮಾಂಸವನ್ನು ತಿಂದ ನಾಯಿಗಳ ರಕ್ತವನ್ನೂ ಪರೀಕ್ಷಿಸಿದರು. ಅಲ್ಲಿ ಸಕ್ಕರೆ ಇರಬಾರದಾಗಿತ್ತು. ಆದರೆ ಯಕೃತ್ತಿನಿಂದ, ಅಂದರೆ ಪಿತ್ತಜನಕಾಂಗದಿಂದ, ಹೊರಬರುವ ರಕ್ತದಲ್ಲಿ ಸಕ್ಕರೆ ಸಮೃದ್ಧವಾಗಿತ್ತು!

ಇದು 1848ರ ಮಾತು. ತಿನ್ನದ ಸಕ್ಕರೆ ರಕ್ತಕ್ಕೆ ಬರುತ್ತಿದೆಯೆಂದರೆ ಅದನ್ನು ಯಕೃತ್ತೇ ಒದಗಿಸುತ್ತಿರಬೇಕು. ಏಳು ವರ್ಷಗಳ ಬಳಿಕ, 1855ರಲ್ಲಿ, ಅವರು ಇನ್ನೊಂದು ಸರಳ ಪ್ರಯೋಗವನ್ನು ಮಾಡಿದರು. ಪ್ರಾಣಿಯ ಯಕೃತ್ತನ್ನು ಹೊರತೆಗೆದು, ಅದರ ರಕ್ತನಾಳಗಳ ಮೂಲಕ ನೀರನ್ನು ಹಾಯಿಸಿ, ಸಕ್ಕರೆಯ ಸುಳಿವೇ ಇಲ್ಲದಂತೆ ತೊಳೆದರು. ಮರುದಿನ ಬಂದು ಪರೀಕ್ಷಿಸಿದಾಗ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ ಕಾಣಿಸಿತು. ಒಳಗೆ ಸಕ್ಕರೆಯಾಗಿ ಮಾರ್ಪಡಬಲ್ಲ ದಾಸ್ತಾನು ಇರಲೇಬೇಕೆಂದು ಅವರು ತರ್ಕಿಸಿದರು. 1857ರಲ್ಲಿ ಆ ವಸ್ತುವನ್ನೇ ಬೇರ್ಪಡಿಸಿ ತೋರಿಸಿದರು. ಅದುವೇ ಗ್ಲೈಕೋಜನ್.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕಿಂತ ಉತ್ತಮ ದೃಷ್ಟಾಂತ ಬೇಕಿಲ್ಲ. ಮಳೆಗಾಲದಲ್ಲಿ ಬಿದ್ದ ನೀರು ಅಣೆಕಟ್ಟೆಯ ಹಿಂದೆ ನಿಲ್ಲುತ್ತದೆ. ಬೇಸಗೆಯಲ್ಲಿ ಗದ್ದೆಗೆ ಬೇಕಾದಷ್ಟು ನಾಲೆಗೆ ಹರಿಯುತ್ತದೆ. ಊಟವಾದ ಮೇಲೆ ಬಂದ ಸಕ್ಕರೆಯನ್ನು ಯಕೃತ್ತು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ವಯಸ್ಕನ ಯಕೃತ್ತಿನಲ್ಲಿ ಇದು ಸುಮಾರು 100 ಗ್ರಾಂ ಇರುತ್ತದೆ. ಊಟವಿಲ್ಲದ ರಾತ್ರಿಯ ವೇಳೆ ಅದನ್ನೇ ಮತ್ತೆ ಸಕ್ಕರೆಯಾಗಿಸಿ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಆದುದರಿಂದಲೇ ನಾವು ನಿದ್ರಿಸುತ್ತಿರುವಾಗಲೂ ಮಿದುಳು ಉಪವಾಸ ಬೀಳುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತಾನೇ ಬಳಸಿಕೊಳ್ಳುತ್ತದೆ.

ತೂಬನ್ನು ಎತ್ತುವವರು ಯಾರು?

ಜಲಾಶಯವಿದೆಯೆಂದ ಮೇಲೆ ತೂಬನ್ನು ಎತ್ತುವ ಕೈಯೊಂದು ಇರಬೇಕಲ್ಲವೇ? ಬರ್ನಾರ್ಡರ ಮುಂದಿನ ಪ್ರಶ್ನೆ ಅದೇ. ಯಕೃತ್ತಿಗೆ ಆಜ್ಞೆಯನ್ನು ಒಯ್ಯುವುದು ನರಗಳೇ ಇರಬೇಕೆಂದು ಅವರಿಗೆ ತೋರಿತು. ಮಿದುಳಿನ ಬುಡದಿಂದ ಹೊರಟು ಎದೆ ಹೊಟ್ಟೆಗಳಿಗೆ ಇಳಿಯುವ ವೇಗಸ್ ಎಂಬ ಉದ್ದನೆಯ ನರದ ಮೇಲೆ ಅವರ ಗುಮಾನಿ. ಆ ನರವು ಹುಟ್ಟುವ ಜಾಗವನ್ನು ಕೆರಳಿಸಿದರೆ ಯಕೃತ್ತು ಹೆಚ್ಚು ಸಕ್ಕರೆಯನ್ನು ಬಿಟ್ಟೀತೆಂದು ಊಹಿಸಿ, 1849ರಲ್ಲಿ ಮೊಲವೊಂದರ ತಲೆಯ ಹಿಂಭಾಗದಿಂದ ಸೂಕ್ಷ್ಮವಾದ ಉಪಕರಣವನ್ನು ತೂರಿಸಿ, ಮಿದುಳಿನ ಬುಡದ ನಿರ್ದಿಷ್ಟ ಸ್ಥಳದಲ್ಲಿ ಒಂದು ಚುಚ್ಚು ಕೊಟ್ಟರು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಮೊಲದ ಮೂತ್ರದಲ್ಲಿ ಸಕ್ಕರೆ ಧಾರಾಳವಾಗಿ ಕಾಣಿಸಿತು. ಆ ಮೊಲಕ್ಕೆ ಯಾರೂ ಸಕ್ಕರೆಯನ್ನು ತಿನ್ನಿಸಿರಲಿಲ್ಲ. ಮಿದುಳಿಗೆ ತಗಲಿದ ಒಂದು ಸೂಜಿಮೊನೆಯ ಗಾಯ ಅದನ್ನು ಕೆಲವು ಗಂಟೆಗಳ ಮಟ್ಟಿಗೆ ಮಧುಮೇಹಿಯನ್ನಾಗಿ ಮಾಡಿತ್ತು! ರಕ್ತದಲ್ಲಿ ಸಕ್ಕರೆಯು ಒಂದು ಮಿತಿಯನ್ನು ದಾಟಿದಾಗ, ಮನುಷ್ಯರಲ್ಲಿ ಸುಮಾರಾಗಿ 100 ಮಿಲಿಲೀಟರಿಗೆ 180 ಮಿಲಿಗ್ರಾಂ ಮೀರಿದಾಗ, ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರದೆ ಹೊರಚೆಲ್ಲುತ್ತವೆ. ಮೊಲದಲ್ಲಿ ನಡೆದದ್ದೂ ಇದೇ ಬಗೆಯದು.

ಇಲ್ಲಿಂದ ಮುಂದಿನದು ನಮ್ಮ ತರುಣರು ಗಮನವಿಟ್ಟು ಓದಬೇಕಾದ ಭಾಗ. ಮೊದಲ ಯತ್ನದಲ್ಲಿಯೇ ಫಲಿಸಿದ ಪ್ರಯೋಗವನ್ನು ಬರ್ನಾರ್ಡರು ಮತ್ತೆ ಎಂಟು ಹತ್ತು ಬಾರಿ ಮಾಡಿದರು. ಒಮ್ಮೆಯೂ ಸಕ್ಕರೆ ಬರಲಿಲ್ಲ. ಮೊದಲನೆಯದು ಆಕಸ್ಮಿಕವೆಂದು ತಳ್ಳಿಹಾಕಿ ಸುಮ್ಮನಾಗಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಒಮ್ಮೆ ಕಣ್ಣಾರೆ ಕಂಡ ಸತ್ಯವನ್ನು ಹತ್ತು ವೈಫಲ್ಯಗಳು ಸುಳ್ಳಾಗಿಸಲಾರವು. ನಿಸರ್ಗವು ಅದೇ ಸನ್ನಿವೇಶದಲ್ಲಿ ಅದೇ ಫಲವನ್ನು ಕೊಡುವುದರಿಂದ, ಬದಲಾದದ್ದು ಸನ್ನಿವೇಶವೇ ಇರಬೇಕೆಂಬುದು ಅವರ ನಿಲುವು. ಚುಚ್ಚಿದ ಜಾಗ ಕೂದಲೆಳೆಯಷ್ಟು ಅತ್ತಿತ್ತ ಸರಿದಿದ್ದುದೇ ಕಾರಣವೆಂದು ಕಂಡುಕೊಂಡು, ಖಚಿತವಾದ ಸ್ಥಾನವನ್ನು ಗುರುತಿಸಿದ ಮೇಲೆ ಫಲ ತಪ್ಪಲಿಲ್ಲ.

ಅವರ ಊಹೆಯಾದರೋ ಉಳಿಯಲಿಲ್ಲ. ವೇಗಸ್ ನರವನ್ನು ಕತ್ತರಿಸಿದ ಮೇಲೆಯೂ ಚುಚ್ಚಿದೊಡನೆ ಸಕ್ಕರೆ ಬರುತ್ತಲೇ ಇತ್ತು. ಅಂದ ಮೇಲೆ ಆಜ್ಞೆ ಸಾಗುತ್ತಿದ್ದ ದಾರಿ ಬೇರೆ. ಅದು ಬೆನ್ನುಹುರಿಯ ಮೂಲಕ ಇಳಿದು, ಒಳಾಂಗಗಳಿಗೆ ಹೋಗುವ ಇನ್ನೊಂದು ನರಜಾಲವನ್ನು ಹಿಡಿಯುತ್ತಿತ್ತು. ಊಹೆ ಬಿದ್ದುಹೋದರೂ ಕಂಡ ಸಂಗತಿ ನಿಂತಿತು. ತಮ್ಮ ಊಹೆಗಿಂತ ಸಂಗತಿಗೆ ಹೆಚ್ಚು ಗೌರವ ಕೊಟ್ಟ ಈ ಪ್ರಾಮಾಣಿಕತೆಯೇ ಬರ್ನಾರ್ಡರನ್ನು ದೊಡ್ಡವರನ್ನಾಗಿ ಮಾಡಿತು.

ನಂತರದ ಸಂಶೋಧಕರು ಇನ್ನೊಂದು ಸ್ವಾರಸ್ಯವನ್ನು ಕಂಡರು. ದೀರ್ಘ ಉಪವಾಸದಿಂದ ಯಕೃತ್ತಿನ ದಾಸ್ತಾನು ಬರಿದಾದ ಪ್ರಾಣಿಯಲ್ಲಿ ಈ ಚುಚ್ಚು ಫಲಿಸುವುದಿಲ್ಲ. ಜಲಾಶಯ ಬತ್ತಿರುವಾಗ ತೂಬನ್ನು ಎತ್ತಿದರೆ ನಾಲೆಗೆ ನೀರು ಬರುವುದೆಲ್ಲಿಂದ?

ಒಳಗಿನ ಪರಿಸರ

ಕೀರ್ತಿ ಬೇಗನೆ ಬಂದಿತು. 1854ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವ. 1855ರಲ್ಲಿ ಮಜಾಂಡಿಯವರು ತೀರಿಕೊಂಡ ಬಳಿಕ ಗುರುವಿನ ಪೀಠವೇ ಶಿಷ್ಯನಿಗೆ. ರಕ್ತನಾಳಗಳನ್ನು ಕುಗ್ಗಿಸುವ, ಹಿಗ್ಗಿಸುವ ನರಗಳ ಕಾರ್ಯವನ್ನು ಅವರು ಬೆಳಕಿಗೆ ತಂದರು. ಮೇದೋಜೀರಕ ಗ್ರಂಥಿಯ ರಸವು ಕೊಬ್ಬನ್ನು ಜೀರ್ಣಿಸುವ ಬಗೆಯನ್ನು ವಿವರಿಸಿದರು.

1860ರ ದಶಕದಲ್ಲಿ ಹೊಟ್ಟೆಯ ವ್ಯಾಧಿ ಅವರನ್ನು ಮತ್ತೆ ಮತ್ತೆ ಹಾಸಿಗೆಗೆ ಕೆಡವಿತು. ಆಗೆಲ್ಲ ಅವರು ಮರಳುತ್ತಿದ್ದುದು ಹುಟ್ಟೂರಿಗೆ. ದ್ರಾಕ್ಷಿಯ ಕೊಯ್ಲಿನ ಕಾಲವನ್ನು ಅವರು ಅಲ್ಲಿ ಕಳೆಯಲು ಇಷ್ಟಪಡುತ್ತಿದ್ದರು. ಪ್ರಯೋಗಶಾಲೆಯಿಂದ ದೂರವಾದ ಆ ಬಿಡುವಿನಲ್ಲಿ ಅವರು ಬರೆದ, 1865ರಲ್ಲಿ ಪ್ರಕಟವಾದ, ಪ್ರಾಯೋಗಿಕ ವೈದ್ಯಶಾಸ್ತ್ರದ ಅಧ್ಯಯನಕ್ಕೆ ಪ್ರವೇಶಿಕೆಯೆಂಬ ಗ್ರಂಥವನ್ನು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1866ರಲ್ಲಿ ಅವರು ಕಾಯಿಲೆಯಿಂದ ನರಳುತ್ತಿದ್ದಾಗ, ಧೈರ್ಯ ತುಂಬಲೆಂದು ಲೂಯಿ ಪಾಸ್ಚರ್ ಅವರು ಪತ್ರಿಕೆಯೊಂದರಲ್ಲಿ ಅವರ ಸಾಧನೆಗಳನ್ನು ಕೊಂಡಾಡಿ ಲೇಖನ ಬರೆದರು. ಒಬ್ಬ ವಿಜ್ಞಾನಿ ಇನ್ನೊಬ್ಬ ವಿಜ್ಞಾನಿಗೆ ತೋರಿದ ಇಂತಹ ಔದಾರ್ಯ ಅಪರೂಪ.

ಬರ್ನಾರ್ಡರ ಚಿಂತನೆಯ ತಿರುಳು ಅವರು ಮುಂದಿಟ್ಟ ಒಳಪರಿಸರದ ಕಲ್ಪನೆಯಲ್ಲಿದೆ. ಮೀನು ನೀರಿನಲ್ಲಿ ಬದುಕುವಂತೆ ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ರಕ್ತ ಮೊದಲಾದ ಒಳದ್ರವಗಳಲ್ಲಿ ಬದುಕುತ್ತದೆ. ಹೊರಗೆ ಆಗುಂಬೆಯ ಮಳೆಯಿರಲಿ, ಬಳ್ಳಾರಿಯ ಬಿಸಿಲಿರಲಿ, ಒಳಗಿನ ಶಾಖ, ಸಕ್ಕರೆ, ಉಪ್ಪು, ನೀರು ಇವು ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತವೆ. ಈ ಹದವಿರುವುದರಿಂದಲೇ ಪ್ರಾಣಿಯು ಹೊರಗಿನ ಬದಲಾವಣೆಗಳಿಗೆ ದಾಸನಾಗದೆ ಓಡಾಡಬಲ್ಲುದು. ಹದವನ್ನು ಕಾಯುವ ಕಾವಲುಗಾರರಲ್ಲಿ ನರಮಂಡಲಕ್ಕೆ ಅವರು ಪ್ರಧಾನ ಸ್ಥಾನವನ್ನು ಕೊಟ್ಟರು. ಅಂದರೆ ಆರೋಗ್ಯವೆಂಬುದು ಕ್ಷಣಕ್ಷಣವೂ ನಡೆಯುವ ದುಡಿಮೆ. ಆ ದುಡಿಮೆ ದಣಿದಾಗ ರೋಗ ತಲೆದೋರುತ್ತದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ವಿವಾದ ನೆನಪಾಗದಿರದು. ಹದಿನೇಳನೆಯ ಶತಮಾನದಲ್ಲಿ ಡೆಕಾರ್ಟ್ ಮನಸ್ಸನ್ನೂ ದೇಹವನ್ನೂ ಎರಡು ಬೇರೆ ಬೇರೆ ಪದಾರ್ಥಗಳೆಂದು ವಿಂಗಡಿಸಿದನು. ಅದಕ್ಕೆ ನಾಲ್ಕು ಶತಮಾನಗಳ ಹಿಂದೆಯೇ ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ, ಆತ್ಮವು ದೇಹಕ್ಕೆ ರೂಪವನ್ನೀಯುವ ತತ್ತ್ವ, ಎರಡೂ ಸೇರಿ ಒಬ್ಬನೇ ಮನುಷ್ಯನೆಂದು ಬೋಧಿಸಿದ್ದರು. ಬರ್ನಾರ್ಡರು ಈ ವಾದದಲ್ಲಿ ಪಕ್ಷ ವಹಿಸಲು ಒಪ್ಪಲಿಲ್ಲ. ಜೀವವು ಬರಿಯ ಯಂತ್ರವೆಂದು ಅವರು ಹೇಳಲಿಲ್ಲ. ಪರೀಕ್ಷೆಗೆ ಸಿಗದ ಪ್ರಾಣಶಕ್ತಿಯೊಂದನ್ನು ಉತ್ತರವಾಗಿ ಮುಂದಿಡಲೂ ಇಲ್ಲ. ಹೇಗೆ ಎಂಬುದನ್ನು ವಿಜ್ಞಾನ ಕೇಳಲಿ, ಏಕೆ ಎಂಬುದು ಅದರ ಗಡಿಯಾಚೆಗಿನದು ಎಂಬುದು ಅವರ ಮತ. ಆದರೂ ಒಬ್ಬನ ಮಿದುಳಿನಲ್ಲಿ ನಡೆದುದು ಅವನ ಯಕೃತ್ತಿನಲ್ಲಿ ಲೆಕ್ಕಕ್ಕೆ ಬರುತ್ತದೆಂದು ತೋರಿಸಿಕೊಟ್ಟ ಅವರ ಪ್ರಯೋಗವು, ಮನುಷ್ಯನನ್ನು ತುಂಡುತುಂಡಾಗಿ ನೋಡಬಾರದೆಂಬ ಹಳೆಯ ವಿವೇಕಕ್ಕೆ ಹತ್ತಿರವಾಗಿದೆಯೆಂದು ನಮಗೆ ಅನಿಸುತ್ತದೆ.

ಮನೆಯೊಳಗಿನ ಬಿರುಕು

ಜೀವನಚರಿತ್ರೆಯಲ್ಲಿ ನೆರಳುಗಳನ್ನು ಮರೆಮಾಚುವುದು ನ್ಯಾಯವಲ್ಲ. ಬರ್ನಾರ್ಡರ ಸಂಶೋಧನೆಗಳು ನಡೆದದ್ದು ಜೀವಂತ ಪ್ರಾಣಿಗಳ ಮೇಲೆ. ನೋವನ್ನು ಮರೆಸುವ ಈಥರ್, ಕ್ಲೋರೊಫಾರ್ಮ್‌ಗಳು ಶಸ್ತ್ರಚಿಕಿತ್ಸೆಗೆ ಬಂದದ್ದೇ 1846-47ರಲ್ಲಿ. ಅದರ ನಂತರವೂ ಅನೇಕ ಪ್ರಯೋಗಗಳು ಅವುಗಳ ನೆರವಿಲ್ಲದೆ ನಡೆದವು. ಅವರ ಪತ್ನಿಗೆ ಇದು ಸಹ್ಯವಾಗಲಿಲ್ಲ. ಹುಟ್ಟಿದ ಗಂಡುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು. ಉಳಿದ ಇಬ್ಬರು ಹೆಣ್ಣುಮಕ್ಕಳು ತಾಯಿಯ ಪಕ್ಷವನ್ನು ಹಿಡಿದರು. 1870ರ ಸುಮಾರಿಗೆ ದಂಪತಿಗಳು ಬೇರೆಯಾದರು. ಪ್ರಾಣಿಪ್ರಯೋಗವನ್ನು ವಿರೋಧಿಸುವವರ ಪಾಳಯದಲ್ಲಿ ಬರ್ನಾರ್ಡರ ಸ್ವಂತ ಕುಟುಂಬವೇ ನಿಂತಿತು.

ಈ ವಿವಾದದಲ್ಲಿ ಯಾರು ಸರಿಯೆಂದು ಒಂದೇ ಮಾತಿನಲ್ಲಿ ಹೇಳುವುದು ಸುಲಭವಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು, ಮಾನವ ಜೀವವನ್ನು ಉಳಿಸಲು ನೆರವಾಗುವ ಪ್ರಾಣಿಪ್ರಯೋಗಗಳು ಯುಕ್ತ ಮಿತಿಯೊಳಗೆ ಇದ್ದರೆ ನೈತಿಕವಾಗಿ ಒಪ್ಪತಕ್ಕವೆಂದೂ, ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು ಮಾನವ ಘನತೆಗೆ ವಿರುದ್ಧವೆಂದೂ ಬೋಧಿಸುತ್ತದೆ. ಇನ್ಸುಲಿನ್ ಚುಚ್ಚುಮದ್ದನ್ನು ತೆಗೆದುಕೊಳ್ಳುವ ನಮ್ಮ ಮನೆಯವರು ಆ ಮೂಕಪ್ರಾಣಿಗಳಿಗೂ ಋಣಿಗಳು. ಪತ್ನಿಯ ಮರುಕವನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಮನುಕುಲಕ್ಕೆ ಉಪಕಾರ ಮಾಡುವವನು ಮನೆಯಲ್ಲಿ ಒಬ್ಬಂಟಿಯಾಗುವ ದುರಂತವನ್ನು ನಾವು ಇತರ ವೃತ್ತಿಗಳಲ್ಲಿಯೂ ಕಾಣುತ್ತೇವೆ.

1868ರಲ್ಲಿ ಅವರು ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. 1869ರಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿ ಅವರನ್ನು ಸೆನೆಟ್ ಸಭೆಗೆ ನೇಮಿಸಿದನು. 1878ರ ಫೆಬ್ರವರಿ 10ರಂದು, 64ರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಅವರು ನಿಧನರಾದರು. ಫ್ರಾನ್ಸ್ ಸರಕಾರವು ತನ್ನ ವೆಚ್ಚದಲ್ಲಿ ಅವರ ಅಂತ್ಯಕ್ರಿಯೆಯನ್ನು ನಡೆಸಿತು. ಆ ದೇಶದಲ್ಲಿ ವಿಜ್ಞಾನಿಯೊಬ್ಬರಿಗೆ ಅಂತಹ ಗೌರವ ದೊರೆತದ್ದು ಅದೇ ಮೊದಲು. ಕೊನೆಯ ದಿನಗಳಲ್ಲಿ ಡೊಮಿನಿಕನ್ ಸಭೆಯ ಗುರುಗಳಾದ ಹೆನ್ರಿ ದಿದೋನ್ ಅವರನ್ನು ಕಂಡು ಮಾತನಾಡಿಸಿದ್ದರು. ಮರಣಾನಂತರ ಭಕ್ತರೂ ನಾಸ್ತಿಕರೂ ಅವರನ್ನು ತಮ್ಮವರೆಂದು ಎಳೆದಾಡಿದರು. ನಾವು ಆ ಎಳೆದಾಟಕ್ಕೆ ಸೇರದೆ, ಅವರ ಅಂತರಂಗವನ್ನು ದೇವರಿಗೇ ಬಿಡುವುದು ಲೇಸು.

ಅವರು ಕಾಣದೆ ಹೋದದ್ದು, ಇತರರು ಕಂಡದ್ದು

ಬರ್ನಾರ್ಡರು ಎಲ್ಲವನ್ನೂ ಸರಿಯಾಗಿ ಕಂಡರೆಂದು ವಾಚಕರು ಭಾವಿಸಬಾರದು. ಮಧುಮೇಹದ ಬೇರನ್ನು ಅವರು ಯಕೃತ್ತು ಮತ್ತು ನರಮಂಡಲದಲ್ಲಿಯೇ ಹುಡುಕಿದರು. ಅವರೇ ಕೈಯಾರೆ ಅಧ್ಯಯನ ಮಾಡಿದ್ದ ಮೇದೋಜೀರಕ ಗ್ರಂಥಿಯಲ್ಲಿ ಮುಖ್ಯ ಗುಟ್ಟು ಅಡಗಿತ್ತು. ಅವರು ತೀರಿಕೊಂಡ ಹನ್ನೊಂದು ವರ್ಷಗಳ ಬಳಿಕ, 1889ರಲ್ಲಿ, ಸ್ಟ್ರಾಸ್‌ಬರ್ಗ್ ನಗರದಲ್ಲಿ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ವಿಜ್ಞಾನಿಗಳು ಆ ಗ್ರಂಥಿಯನ್ನು ತೆಗೆದರೆ ನಾಯಿಗೆ ಮಧುಮೇಹ ಬರುವುದೆಂದು ತೋರಿಸಿದರು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಪ್ರಯೋಗಗಳಿಂದ ಇನ್ಸುಲಿನ್ ಕೈಗೆ ಬಂದಿತು; 1922ರ ಜನವರಿಯಲ್ಲಿ ಅದು ಮೊದಲ ಬಾರಿಗೆ ಬಾಲ ರೋಗಿಯೊಬ್ಬನಿಗೆ ದೊರೆಯಿತು.

ಹಾಗೆಂದು ಬರ್ನಾರ್ಡರ ಮೊಲ ಮರೆಯಾಗಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಅವರು 1911ರಲ್ಲಿ, ಹೆದರಿ ಕೆರಳಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆಯನ್ನು ಕಂಡರು. ಮುಂದೆ ದೊಡ್ಡ ಪಂದ್ಯವೊಂದರ ಬಳಿಕ 25 ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದಾಗ 12 ಮಂದಿಯ ಮೂತ್ರದಲ್ಲಿ ಸಕ್ಕರೆಯಿತ್ತು. ಅವರಲ್ಲಿ ಐವರು ಮೈದಾನಕ್ಕೆ ಇಳಿಯದೆ ಬದಿಯಲ್ಲಿ ಕುಳಿತು ಕಾದವರು! ಆಡಿ ದಣಿಯದೆ, ಬರಿಯ ಉದ್ವೇಗದಿಂದಲೇ ಅವರ ಯಕೃತ್ತಿನ ತೂಬು ತೆರೆದಿತ್ತು.

ಇದರ ಕಾರ್ಯವಿಧಾನ ಇಂದು ಬಹುಮಟ್ಟಿಗೆ ತಿಳಿದಿದೆ. ಅಪಾಯವೆಂದು ಮಿದುಳು ಎಣಿಸಿದಾಗ ನರಗಳ ಮೂಲಕ ಆಜ್ಞೆ ಹೊರಡುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಯಕೃತ್ತು ಸಕ್ಕರೆಯನ್ನು ಬಿಡುತ್ತದೆ. ಇನ್ಸುಲಿನ್ ಸ್ರಾವ ತಗ್ಗುತ್ತದೆ. ಕಾರ್ಟಿಸೋಲ್ ಎಂಬ ಇನ್ನೊಂದು ರಸವು ಈ ಏರಿಕೆಯನ್ನು ಮತ್ತಷ್ಟು ಹೊತ್ತು ಉಳಿಸುತ್ತದೆ. ಹುಲಿ ಎದುರಾದಾಗ ಓಡಲು ಇದು ಬೇಕು. ಆದರೆ ಸಾಲದ ಕಂತು, ಮಗಳ ಮದುವೆ, ಮಗನ ನಿರುದ್ಯೋಗ ಇವುಗಳಿಂದ ಓಡಿ ತಪ್ಪಿಸಿಕೊಳ್ಳಲಾಗದು. ಬಿಡುಗಡೆಯಾದ ಸಕ್ಕರೆಯನ್ನು ಉರಿಸುವ ಓಟವೇ ಅಲ್ಲಿಲ್ಲ.

ನಿದ್ರೆಯ ಮಾತೂ ಹೀಗೆಯೇ. 1999ರಲ್ಲಿ ಪ್ರಕಟವಾದ ಚಿಕಾಗೋ ನಗರದ ಅಧ್ಯಯನವೊಂದರಲ್ಲಿ, ಆರೋಗ್ಯವಂತರಾದ 11 ಯುವಕರಿಗೆ ಆರು ರಾತ್ರಿ ನಾಲ್ಕು ಗಂಟೆಯಷ್ಟೇ ನಿದ್ರೆಗೆ ಅವಕಾಶ ಕೊಟ್ಟಾಗ, ಸಕ್ಕರೆಯನ್ನು ಅರಗಿಸಿಕೊಳ್ಳುವ ಅವರ ದೇಹದ ಶಕ್ತಿ ಗಮನಾರ್ಹವಾಗಿ ಕುಂದಿತು. ಪಾಳಿಯ ಕೆಲಸ ಮಾಡುವವರಲ್ಲಿ ಮಧುಮೇಹದ ಅಪಾಯ ಹೆಚ್ಚೆಂದು ನಂತರದ ಅನೇಕ ಅಧ್ಯಯನಗಳು ಹೇಳಿವೆ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಭದ್ರಾವತಿಗೆ ಇದು ದೂರದ ಸುದ್ದಿಯಲ್ಲ. ಕಾರ್ಖಾನೆಯ ಮೂರು ಪಾಳಿಗಳ ಲೆಕ್ಕದಲ್ಲಿಯೇ ತಲೆಮಾರುಗಳ ಊಟ, ನಿದ್ರೆ, ಪ್ರಾರ್ಥನೆಗಳು ಅಲ್ಲಿ ನಡೆದಿವೆ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಆ ಊರಿನ ಮನೆಗಳಲ್ಲಿ ಕವಿದ ಕಳವಳವನ್ನು ಬಲ್ಲವರು, ಚಿಂತೆಯು ಮನಸ್ಸಿನಲ್ಲಿ ಮಾತ್ರ ಉಳಿಯುವುದಿಲ್ಲವೆಂಬುದನ್ನು ಸುಲಭವಾಗಿ ಒಪ್ಪಿಯಾರು.

ನಮ್ಮ ಮನೆಗಳಿಗೆ

ಇಷ್ಟನ್ನು ತಿಳಿದ ಮೇಲೆ ಎರಡು ತಪ್ಪು ದಾರಿಗಳನ್ನು ನಾವು ಬಿಡಬೇಕು. ಮೊದಲನೆಯದು, ಎಲ್ಲವೂ ಚಿಂತೆಯಿಂದ ಬಂದದ್ದೆಂದು ಔಷಧವನ್ನು ನಿಲ್ಲಿಸುವುದು. ಬರ್ನಾರ್ಡರ ಮೊಲದ ಸಕ್ಕರೆ ಗಂಟೆಗಳಲ್ಲಿ ಇಳಿಯಿತು. ನಮ್ಮ ಮನೆಯ ಮಧುಮೇಹ ಹಾಗೆ ಇಳಿಯುವುದಿಲ್ಲ. ವಂಶದ ಪ್ರಭಾವ, ದೇಹದ ತೂಕ, ನಡಿಗೆಯಿಲ್ಲದ ಬದುಕು, ಆಹಾರ, ಇನ್ಸುಲಿನ್ನಿನ ಕೊರತೆ ಇವೆಲ್ಲವೂ ಅದರಲ್ಲಿ ಸೇರಿವೆ. ಪಥ್ಯ ಬೇಕು, ಮಾತ್ರೆ ಬೇಕು, ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ಪ್ರಾರ್ಥನೆಯು ಇವುಗಳ ಜೊತೆಗಿರತಕ್ಕದ್ದು. ಇವುಗಳಿಗೆ ಬದಲಿಯಾಗಿ ಅದನ್ನು ಇಡಬಾರದು.

ಎರಡನೆಯ ತಪ್ಪು, ರೋಗಿಯನ್ನು ಹೊಟ್ಟೆಬಾಕನೆಂದು ಹಂಗಿಸುವುದು. ಜ್ವರ ಬಂದಾಗ, ಮನೆಯಲ್ಲಿ ಸಾವಾದಾಗ, ರಾತ್ರಿಯಿಡೀ ನಿದ್ರೆಯಿಲ್ಲದಾಗ, ಪಥ್ಯವನ್ನು ಮುರಿಯದವನ ರಕ್ತದಲ್ಲಿಯೂ ಸಕ್ಕರೆ ಏರುತ್ತದೆ. ಆಗ ಕದ್ದು ತಿಂದೆಯೇನೆಂದು ಪ್ರಶ್ನಿಸುವವರು, ಅವನ ಅಂಜಿಕೆಗೆ ಇನ್ನೊಂದನ್ನು ಸೇರಿಸುತ್ತಾರೆ. ಮನೆಯ ಮಾತಿನ ಬಿಸಿಯೂ ಅವನ ಯಕೃತ್ತಿಗೆ ತಲಪುತ್ತದೆಯೆಂಬುದನ್ನು ಮರೆಯಬಾರದು.

ಕೊನೆಯದಾಗಿ ಇನ್ನೊಂದು ಎಚ್ಚರಿಕೆ. ನರಗಳು ಸಕ್ಕರೆಯನ್ನು ಆಳುವಂತೆ, ಹತೋಟಿ ತಪ್ಪಿದ ಸಕ್ಕರೆಯು ನರಗಳನ್ನು ಕೆಡಿಸುತ್ತದೆ. ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿ, ಚುಚ್ಚಿದ ಮುಳ್ಳು ತಿಳಿಯದೆ ಹುಣ್ಣಾಗುತ್ತದೆ. ಹೃದಯದ ನೋವು ನೋವೆಂದೇ ಅನಿಸದಿರಬಹುದು. ಸಕ್ಕರೆ ತೀರ ಇಳಿದಾಗ ಬರಬೇಕಾದ ನಡುಕ, ಬೆವರುಗಳು ಕೆಲವರಿಗೆ ಬಾರದೆ ಹೋಗುತ್ತವೆ. ಆದುದರಿಂದ ಮನೆಯ ಹಿರಿಯರ ಪಾದಗಳನ್ನು ಮಕ್ಕಳು ಪ್ರತಿ ರಾತ್ರಿ ಬೆಳಕಿನಲ್ಲಿ ಒಮ್ಮೆ ನೋಡಲಿ. ಪವಿತ್ರ ಗುರುವಾರದಂದು ಪಾದ ತೊಳೆಯುವ ಸಂಸ್ಕಾರವನ್ನು ಭಕ್ತಿಯಿಂದ ಕಾಣುವ ನಮ್ಮ ಕುಟುಂಬಗಳಿಗೆ ಇದು ಕಷ್ಟದ ಕೆಲಸವಾಗಲಾರದು. ಪಾದವನ್ನು ನೋಡುವಾಗಲೇ ನಿನ್ನೆ ನಿದ್ರೆ ಬಂದಿತೇ, ಮನಸ್ಸಿನಲ್ಲಿ ಏನಾದರೂ ಕೊರಗಿದೆಯೇ ಎಂದು ವಿಚಾರಿಸಲಿ. ಗಾಯ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಲಿ. ಕೊರಗು ಕಂಡರೆ ಕುಳಿತು ಕೇಳಲಿ.